ಅಕ್ಕನಿಗೊಂದು ಸಂಬಂಧ

೧೪ ಏಪ್ರಿಲ್ ೧೯೭೪, ಭಾನುವಾರ

ಇವತ್ತು ಬಿಸು, ನಮ್ಮ ತುಳುವರ ಯುಗಾದಿ. ಹಬ್ಬದ ದಿನ ಅಳಬಾರದಂತೆ. ಅಳಲಿಲ್ಲ, ಎಲ್ಲರ ಮೇಲೂ ರೇಗಿದೆ. ಬೆಳಿಗ್ಗೆ ಸೇವಂತಿ ಕೆಳಗಿನ ಅಂಗಡಿಗೆ ಹೋಗಿ ಬರುತ್ತೇನೆಂದು ಇಳಿದವಳು ಹತ್ತಿ ಬರಲಾರದೆ ಮೊದಲ ಮಾಳಿಗೆಯ ಮೆಟ್ಟಿಲಲ್ಲೇ ಕೂತುಬಿಟ್ಟಿದ್ದಳು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಹದಿನೇಳು ವರ್ಷದ ಮಗಳನ್ನು ನಾನೂ ಪಕ್ಕದ ಮನೆಯ ಗುಜರಾತಿ ಹೆಂಗಸೂ ಸೇರಿ ಕುರ್ಚಿಯಲ್ಲಿ ಕೂರಿಸಿ ಮೇಲೆ ತಂದೆವು. ಸಣ್ಣವಳಿದ್ದಾಗ ಕೈಕಾಲಿನ ಸಂದುಗಳೆಲ್ಲ ಬಾತು ಬಂದ ಜ್ವರ ಅವಳ ಹೃದಯದ ಕವಾಟವನ್ನು ಕೆಡಿಸಿಬಿಟ್ಟಿದೆ. ಅದು ವರ್ಷ ವರ್ಷಕ್ಕೆ ಕಿರಿದಾಗುತ್ತಿದೆ.

ಮಧ್ಯಾಹ್ನ ದೂಜ ಮಾವ ಊಟಕ್ಕೆ ಬಂದರು. ನನ್ನ ಅಮ್ಮನ ತಮ್ಮ. ನಮ್ಮ ಅಳಿಯಸಂತಾನದ ಮನೆಗಳಲ್ಲಿ ಅಪ್ಪನಿಗಿಂತ ಸೋದರಮಾವನ ಮಾತು ದೊಡ್ಡದು, ಮುಂಬಯಿಗೆ ಬಂದು ಸಾಂತಾಕ್ರೂಜಿನ ಬಿಲ್ಡಿಂಗಿನಲ್ಲಿ ಕೂತರೂ ಅದೇನೂ ಕಡಿಮೆಯಾಗಿಲ್ಲ. ಮಾವ ಮಲಗಿದ್ದ ಸೇವಂತಿಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡವಳಿಗೆ ಈಗ ಎಷ್ಟು ಪ್ರಾಯ ಆಯ್ತು?" ಎಂದು ಕೇಳಿದರು.

ಯಾವ ದೊಡ್ಡವಳು ಎಂದು ನನಗೆ ಹೊಳೆಯಲೇ ಇಲ್ಲ. ನನಗಿರುವುದು ಒಬ್ಬಳೇ ಮಗಳು. ಸೇವಂತಿಗಿಂತ ಮೊದಲು, ಐವತ್ತಮೂರರಲ್ಲಿ, ಒಂದು ಹೆಣ್ಣು ಕೂಸು ಹುಟ್ಟಿ ಒಂಬತ್ತನೆಯ ದಿನ ಹೋಯಿತು. ಹೆಸರಿಡುವಷ್ಟು ಕೂಡ ಉಳಿಯಲಿಲ್ಲ ಅದು. ಮಾವ ಕೇಳಿದ್ದು ಅದರ ಪ್ರಾಯ.

ಮದುವೆಯಾಗದೆ ಸತ್ತ ಮಕ್ಕಳು ಸತ್ತ ಪ್ರಾಯದಲ್ಲೇ ನಿಲ್ಲುವುದಿಲ್ಲ, ಕಾಣದ ಕಡೆ ಎಲ್ಲರ ಮಕ್ಕಳ ಹಾಗೆಯೇ ಬೆಳೆಯುತ್ತಾರೆ ಎಂದು ನಮ್ಮವರ ನಂಬಿಕೆ. ಪ್ರಾಯಕ್ಕೆ ಬಂದ ಮೇಲೆ ಮದುವೆ ಕೇಳುತ್ತಾರಂತೆ. ಮಾಡದಿದ್ದರೆ ಒಡಹುಟ್ಟಿದವರ ಮೈ ಹಿಡಿಯುತ್ತಾರಂತೆ. ಆಗ ಸತ್ತ ಹುಡುಗನೊಬ್ಬನ ಮನೆಯವರನ್ನು ಹುಡುಕಿ, ಎರಡೂ ಕಡೆಯವರು ಸೇರಿ ಕುಲೆ ಮದುವೆ ಮಾಡುವುದು. ಕುಲೆಯೆಂದರೆ ಸತ್ತವರು. ಇದನ್ನು ನಾನು ಕಾಲೇಜಿನಲ್ಲಿ ಮಾನವಶಾಸ್ತ್ರದ ತರಗತಿಗೆ ಪ್ರತಿ ವರ್ಷ ಹೇಳುತ್ತೇನೆ. ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ.

ಮಾವನಿಗೆ ಚೆನ್ನಾಗಿ ಹೇಳಿದೆ. ಕೂಸು ಸತ್ತದ್ದು ಧನುರ್ವಾಯುವಿನಿಂದ, ಇವಳು ನರಳುತ್ತಿರುವುದು ಕವಾಟದಿಂದ, ಅದಕ್ಕೂ ಇದಕ್ಕೂ ಎಂತದೂ ಸಂಬಂಧ ಇಲ್ಲ ಅಂತ. ಅವರು ಮಜ್ಜಿಗೆ ಕುಡಿದರು. ಇವರು ಮಾತ್ರ ಕೈ ತೊಳೆಯುವುದನ್ನೂ ಮರೆತು ಕೂತಿದ್ದರು. ಬಾಂದ್ರಾದಲ್ಲಿ ಹೊಟೇಲು ನಡೆಸುವ ನನ್ನ ಗಂಡ ರಮಾನಾಥರು ನೂರು ಗಿರಾಕಿಗಳ ಗಲಾಟೆಗೆ ಹೆದರುವುದಿಲ್ಲ, ದೂಜ ಮಾವನ ಒಂದು ಮಾತಿಗೆ ಹೆದರುತ್ತಾರೆ.

೨೨ ಏಪ್ರಿಲ್, ಸೋಮವಾರ

ಪರೇಲಿನ ಆಸ್ಪತ್ರೆಗೆ ಹೋಗಿ ಬಂದೆವು. ಪಕ್ಕೆಲುಬುಗಳ ನಡುವೆ ಕೊಯ್ದು, ಹೃದಯದೊಳಕ್ಕೆ ಬೆರಳು ತೂರಿಸಿ ಕವಾಟವನ್ನು ಬಿಡಿಸುತ್ತಾರಂತೆ. ಡಾಕ್ಟರು ತಮ್ಮ ತೋರುಬೆರಳನ್ನೇ ತೋರಿಸಿ ಹೇಳಿದರು. ಆದರೆ ಈಗ ಜ್ವರವಿದೆ, ಕಾಲಿನಲ್ಲಿ ನೀರು ತುಂಬಿದೆ. ಅದು ಇಳಿಯದೆ ಮುಟ್ಟುವಂತಿಲ್ಲ. ಮುಟ್ಟದೇ ಬಿಟ್ಟರೆ ಎಂದು ಕೇಳಿದೆ. ಈ ವರ್ಷ ದಾಟುವುದು ಕಷ್ಟ ಎಂದರು. ನನಗೆ ಕೇಳಿಸದೇ ಇದ್ದಿದ್ದರೆ ಚೆನ್ನಾಗಿತ್ತು.

ಟ್ಯಾಕ್ಸಿಯಲ್ಲಿ ಇವರು ಹೊರಗೆ ನೋಡುತ್ತಾ, ಮಾವ ಹೇಳಿದ್ದನ್ನು ಒಮ್ಮೆ ಮಾಡಿ ಬಿಡುವ ಅಂದರು. ನಾನು ಡ್ರೈವರನ ಎದುರೇ ಬಾಯಿಗೆ ಬಂದದ್ದು ಬೈದೆ. ನನ್ನ ಒಪ್ಪಿಗೆ ಇಲ್ಲದೆ ಇವರು ಒಂದು ಕಡ್ಡಿಯನ್ನೂ ಅಲ್ಲಾಡಿಸುವಂತಿಲ್ಲ, ಅದೊಂದು ಪುಣ್ಯ. ನಮ್ಮಲ್ಲಿ ಮಕ್ಕಳು ತಾಯಿಯ ಬಳಿಗೆ, ಎಂದರೆ ಕುಲಕ್ಕೆ, ಸೇರಿದವರು. ಒಂದೇ ಬಳಿಯವರೆಲ್ಲ ಅಣ್ಣ ತಂಗಿಯರು, ಅವರೊಳಗೆ ಮದುವೆ ಇಲ್ಲ. ನಾನು ಬಂಗೇರ, ಆದ್ದರಿಂದ ಹುಟ್ಟಿದ್ದೂ ಬಂಗೇರ, ಸತ್ತದ್ದೂ ಬಂಗೇರ. ಬಂಗೇರರ ಹೆಣ್ಣಿನ ಮದುವೆ ನಿಶ್ಚಯ ಮಾಡಲು ಸಾಲ್ಯಾನ್ ಬಳಿಯ ಇವರಿಗೆ ಅಧಿಕಾರ ಇಲ್ಲ.

೯ ಮೇ, ಗುರುವಾರ

ಮೊನ್ನೆ ಸೇವಂತಿಯನ್ನು ವಾರ್ಡಿಗೆ ಸೇರಿಸಿಕೊಂಡರು. ನಿನ್ನೆಯಿಂದ ರೈಲ್ವೆ ಮುಷ್ಕರ. ಲೋಕಲ್ ನಂಬಿಕೊಂಡು ಹೊರಡುವ ಹಾಗಿಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೊಟೇಲಿಗೆ ಹಾಲು ತರುವ ವ್ಯಾನಿನಲ್ಲಿ ಕ್ಯಾನುಗಳ ಮಧ್ಯೆ ಕೂತು ಪರೇಲಿಗೆ ಹೋದೆ. ಸೀರೆಯೆಲ್ಲ ಹಾಲಿನ ಹುಳಿ ವಾಸನೆ. ಸೇವಂತಿ ಮೂಗು ಮುಚ್ಚಿಕೊಂಡು ನಕ್ಕಳು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿದ್ದಕ್ಕೆ ರಕ್ತ ಬಂತು.

ನಾನು ನರ್ಸನ್ನು ಕರೆದೆ. ಆಮೇಲೆ ವರಾಂಡಕ್ಕೆ ಬಂದು ಗೋಡೆ ಹಿಡಿದು ನಿಂತೆ.

೨ ಜೂನ್, ಭಾನುವಾರ

ಮತ್ತೆ ಜ್ವರ. ಏನೂ ಬರೆಯಲು ಮನಸ್ಸಿಲ್ಲ.

೧೮ ಜೂನ್, ಮಂಗಳವಾರ

ಕಾಲೇಜು ಶುರುವಾಯಿತು. ಪ್ಲಾಸ್ಟರಿನ ತಲೆಬುರುಡೆಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಮನುಷ್ಯ ಯಾವಾಗ ಮನುಷ್ಯನಾದ ಎಂದು ಬೋರ್ಡಿನ ಮೇಲೆ ಬರೆದೆ. ಪ್ರತಿ ವರ್ಷದ ಮೊದಲ ಪಾಠ. ಕಲ್ಲನ್ನು ಕಲ್ಲಿನಿಂದ ಒಡೆದು ಅಂಚು ಮಾಡಿದಾಗ ಎಂದು ಉತ್ತರವನ್ನೂ ನಾನೇ ಹೇಳುತ್ತೇನೆ, ಕೊಡಲಿಗಲ್ಲನ್ನು ಒಬ್ಬೊಬ್ಬರ ಕೈಗೂ ಕೊಟ್ಟು ಹಿಡಿಸುತ್ತೇನೆ. ಇವತ್ತು ಯಾಕೋ ಮಾತು ಇರಾಕಿನ ಗುಹೆಗೆ ಹೋಯಿತು. ನಮಗಿಂತ ಹಿಂದಿನ ಜಾತಿಯ ಮನುಷ್ಯರು ಅಲ್ಲಿ ಸತ್ತವರನ್ನು ಹೂತಿದ್ದಾರೆ. ಒಂದು ಹೆಣದ ಸುತ್ತ ಹೂವಿನ ಪರಾಗ ಸಿಕ್ಕಿದೆ. ಅದೇ ಗುಹೆಯಲ್ಲಿ, ಒಂದು ಕೈ ಮೊಂಡಾದ, ಒಂದು ಕಣ್ಣು ಕಾಣದ ಒಬ್ಬ ವಯಸ್ಸಾದವನ ಎಲುಬುಗಳು. ಅಂಥವನು ತಾನಾಗಿ ಬೇಟೆಯಾಡಿ ಬದುಕಲಾರ. ಯಾರೋ ವರ್ಷಗಟ್ಟಲೆ ಉಣಿಸಿದ್ದಾರೆ, ಬಿಟ್ಟು ಹೋಗಲು ಮನಸ್ಸು ಬಂದಿಲ್ಲ. ಇದನ್ನೇ ಹೇಳುತ್ತಾ ಹೇಳುತ್ತಾ ಗಂಟೆ ಹೊಡೆಯಿತು, ಕೊಡಲಿಗಲ್ಲು ಪೆಟ್ಟಿಗೆಯಲ್ಲೇ ಉಳಿಯಿತು.

ಸಂಜೆ ಆಸ್ಪತ್ರೆ. ಸೇವಂತಿಯ ಕೊರಳ ನರ ಹಗ್ಗದಷ್ಟು ಉಬ್ಬಿದೆ. ಮಲಗಿದರೆ ಉಸಿರು ಸಿಗುವುದಿಲ್ಲ, ದಿಂಬುಗಳನ್ನು ಒಟ್ಟಿ ಕೂತೇ ನಿದ್ದೆ ಮಾಡುತ್ತಾಳೆ. ಡಾಕ್ಟರ ಹತ್ತಿರ ಕೇಳಲು ನನ್ನಲ್ಲಿ ಪ್ರಶ್ನೆಗಳೇ ಉಳಿದಿಲ್ಲ.

ಮನೆಗೆ ಬಂದು ಇವರಿಗೆ ಹೇಳಿದೆ, ಆಗಲಿ, ಮಾವನ ಹತ್ತಿರ ಹುಡುಕಲು ಹೇಳಿ ಅಂತ. ನಂಬಿ ಅಲ್ಲ. ಮುಂಬಯಿಗೆ ಬಂದ ಮೇಲೆ ಕುಲೆ ಮದುವೆಯ ಕ್ರಮ ಹೇಗೆ ಬದಲಾಗಿದೆ ಎಂದು ಯಾರೂ ಬರೆದಿಲ್ಲ. ಒಂದು ಒಳ್ಳೆಯ ಪ್ರಬಂಧ ಆದೀತು. ಅಷ್ಟೇ.

೩೦ ಜೂನ್, ಭಾನುವಾರ

ಜ್ವರ ಇಳಿದಿದೆ. ಹೀಗೇ ಇದ್ದರೆ ಜುಲೈ ಕೊನೆಗೆ ಆಪರೇಷನ್ ಅಂತ ಡಾಕ್ಟರು ಹೇಳಿದರು. ನನಗೆ ಖುಷಿಪಡಲೂ ಹೆದರಿಕೆ.

ದೂಜ ಮಾವ ಒಂದು ಸಂಬಂಧ ತಂದಿದ್ದಾರೆ. ಬಾಂದ್ರಾದ ಕರ್ಕೇರರ ಮನೆಯ ಹುಡುಗ, ಸಂಜೀವ. ಜುಹೂ ಕಡಲಲ್ಲಿ ಈಜಲು ಹೋಗಿ ಮುಳುಗಿದವನು. ಎಷ್ಟು ಓದಿದ್ದ ಎಂದು ಕೇಳಿದೆ. ಮೆಟ್ರಿಕ್ ಫೇಲ್ ಅಂದರು. ನಮ್ಮ ಮನೆಯ ಹೆಣ್ಣಿಗೆ ಮೆಟ್ರಿಕ್ ಫೇಲಾದವನೇ ಸಿಕ್ಕಿದ್ದಾ ಅಂದೆ, ತಮಾಷೆಗೆ. ಮಾವ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ಪಾಪದವ, ಕುಡಿತ ಬೀಡಿ ಯಾವುದೂ ಇರಲಿಲ್ಲ, ತಾಯಿಯ ಮಾತು ಮೀರಿದವನಲ್ಲ ಎಂದು ಒಂದೊಂದಾಗಿ ಹೇಳಿದರು. ಕುಡಿತ ಇರಲಿಲ್ಲ ಎಂದದ್ದು ಸ್ವಲ್ಪ ಸಮಾಧಾನ.

ಜುಲೈ ನಡುವಿನಲ್ಲಿ ಶುರುವಾಗುವ ಆಟಿ ತಿಂಗಳಲ್ಲಿ ಬದುಕಿದ್ದವರ ಮದುವೆ ಮಾಡುವುದಿಲ್ಲ, ಸತ್ತವರದ್ದು ಆಗಬಹುದು. ಆಟಿಯ ಮೊದಲ ಭಾನುವಾರವೇ ಎಂದು ನಿಶ್ಚಯವಾಯಿತು. ಆಪರೇಷನ್ನಿಗೆ ಮೊದಲು ಮುಗಿಯಬೇಕು ಎನ್ನುವುದು ಇವರ ಹಟ.

೨೦ ಜುಲೈ, ಶನಿವಾರ

ಬರುವ ಗುರುವಾರ ಆಪರೇಷನ್. ಮಳೆ ಬಿಡುವೇ ಇಲ್ಲ.

ದಾದರಿಗೆ ಹೋಗಿ ನಾಳೆಗೆ ಸೀರೆ ತಂದೆ. ಇವರು ಸಿಕ್ಕಿದ ಅಂಗಡಿಗೆ ನುಗ್ಗಿ ಒಂದು ಹಸಿರು ಸೀರೆ ಎತ್ತಿಕೊಂಡು ನಡೀ ಅಂದರು. ಒಂದು ಗಂಟೆಯ ಶಾಸ್ತ್ರಕ್ಕೆ ಇದು ಸಾಲದಾ ಅಂತ. ಅಂಚು ನೋಡಿದರೆ ಎರಡು ಒಗೆತಕ್ಕೆ ಬಣ್ಣ ಬಿಡುವಂಥದ್ದು. ಇಂಥದ್ದನ್ನು ಉಟ್ಟುಕೊಂಡು ಹೋದರೆ ಅತ್ತೆ ಮನೆಯವರು ಏನೆಂದಾರು? ನಾಲ್ಕು ಅಂಗಡಿ ಅಲೆದು ಕೆಂಪು ತೆಗೆದುಕೊಂಡೆ. ತೆಳ್ಳಗಿನ ಹುಡುಗಿಯರಿಗೆ ಕೆಂಪು ಒಪ್ಪುತ್ತದೆ. ಅವಳಿಗೆ ಈಗ ಇಪ್ಪತ್ತೊಂದು, ಹಸಿರು ಮುದುಕಿಯರ ಬಣ್ಣ.

೨೧ ಜುಲೈ, ಭಾನುವಾರ

ನಾನು ಏನು ಮಾಡಿಬಿಟ್ಟೆ.

ಬಾಂದ್ರಾದ ಅವರ ಚಾಳಿನ ಮನೆ. ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಹುಡುಗನ ಪಂಚೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಇನ್ನೊಂದರ ಮೇಲೆ ನಾನು ತಂದ ಸೀರೆ, ಬಳೆ, ಮಲ್ಲಿಗೆ. ಮದುಮಗನ ಕಡೆಯ ಒಬ್ಬ ಅಜ್ಜಿ ಸೀರೆಯ ಸೆರಗು ಸವರುತ್ತಾ, ನಮ್ಮ ಬಂಗೇರರ ಮನೆಗೆ ಇಷ್ಟು ಚೆಂದದ ಸೀರೆ ಉಟ್ಟುಕೊಂಡು ಯಾರೂ ಬರಲಿಲ್ಲ ಅಂದರು.

ಯಾವ ಬಂಗೇರ ಎಂದು ಕೇಳಿದೆ. ಅಜ್ಜಿ ನನ್ನನ್ನೇ ವಿಚಿತ್ರವಾಗಿ ನೋಡಿದರು. ಹುಡುಗನ ತಾಯಿ ಬಂಗೇರ, ಅವಳ ತಾಯಿ ಬಂಗೇರ. ಕರ್ಕೇರ ಎನ್ನುವುದು ಅಪ್ಪನ ಹೆಸರು. ಮುಂಬಯಿಯ ಶಾಲೆಯಲ್ಲಿ ಅಪ್ಪನ ಹೆಸರು ಬರೆಸಿದ್ದಾರೆ, ಅದೇ ಉಳಿದುಬಿಟ್ಟಿದೆ. ನನ್ನ ಸೇವಂತಿಯೂ ಶಾಲೆಯಲ್ಲಿ ಸಾಲ್ಯಾನ್ ಅಲ್ಲವೇ, ಈ ಊರಿನಲ್ಲಿ ನಾವೆಲ್ಲ ಮಾಡುವುದು ಹೀಗೇ. ದೂಜ ಮಾವ ಹೆಸರು ಕೇಳಿ ಬಂದಿದ್ದಾರೆ, ಬಳಿ ಕೇಳಲಿಲ್ಲ. ಹುಡುಗ ಬಂಗೇರ. ಇವಳೂ ಬಂಗೇರ.

ಇದು ಆಗುವುದಿಲ್ಲ ಅಂದೆ. ಯಾರಿಗೂ ಮೊದಲು ಅರ್ಥವಾಗಲಿಲ್ಲ. ಮಾವ ತಲೆ ತಗ್ಗಿಸಿ ಗೋಡೆಗೆ ಒರಗಿದರು. ಇವರು ನನ್ನನ್ನು ಗ್ಯಾಲರಿಗೆ ಎಳೆದುಕೊಂಡು ಬಂದರು.

"ನೀನು ನಂಬುವುದೇ ಇಲ್ಲ. ಮತ್ತೆ ನಿನಗೆ ಎಂತಾಗ್ಬೇಕು?" ಅಂದರು. "ಗುರುವಾರ ಮಗುವಿನ ಎದೆ ಕೊಯ್ತಾರೆ ವಾರಿಜಾ. ಕಣ್ಣು ಮುಚ್ಚಿ ಮುಗಿಸಿಬಿಡು."

"ಅಣ್ಣ ತಂಗಿ ಅವರು."

"ಯಾರು? ಎಲ್ಲಿದ್ದಾರೆ ಅವರು?"

ಒಳಗೆ ಹೋಗಿ ಮಣೆಯ ಮೇಲಿದ್ದ ಸೀರೆ ಎತ್ತಿಕೊಂಡೆ. ಹುಡುಗನ ತಾಯಿ ಅಂಗಿಯ ತೋಳನ್ನು ಹಿಡಿದುಕೊಂಡು ಅಳುತ್ತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಇವರು ಸಾಂತಾಕ್ರೂಜ್ ತಲುಪುವವರೆಗೆ ಮಾತಾಡಲಿಲ್ಲ, ತಲುಪಿದ ಮೇಲೂ ಮಾತಾಡಲಿಲ್ಲ. ಸೇವಂತಿಗೆ ಏನಾದರೂ ಆದರೆ ಇನ್ನು ಬದುಕಿರುವವರೆಗೂ ಮಾತಾಡಲಾರರು. ನನಗೆ ಗೊತ್ತು, ಒಂದು ಸೀರೆಯ ಪಕ್ಕ ಒಂದು ಪಂಚೆ ಇಟ್ಟರೆ ಹೃದಯದ ಕವಾಟ ಬಿಡಿಸಿಕೊಳ್ಳುವುದಿಲ್ಲ. ಗೊತ್ತಿದ್ದೂ ನಿದ್ದೆ ಹತ್ತದೆ ಬರೆಯುತ್ತಾ ಕೂತಿದ್ದೇನೆ. ಒಬ್ಬಳ ಜೀವಕ್ಕೆಂದು ಇನ್ನೊಬ್ಬಳನ್ನು ಎಲ್ಲಿಗೋ ದೂಡಿಬಿಡಲು ನನ್ನಿಂದ ಆಗಲಿಲ್ಲ. ಏನು ಮಾಡಲಿ, ಆಗಲಿಲ್ಲ.

೨೪ ಜುಲೈ, ಬುಧವಾರ

ನಾಳೆ. ಸೇವಂತಿಯ ಎಡ ಪಕ್ಕೆಗೆ ಕೆಂಪು ಔಷಧಿ ಬಳಿದಿದ್ದಾರೆ. ಭಾನುವಾರ ನಡೆದದ್ದು ಅವಳಿಗೆ ಹೇಗೋ ಗೊತ್ತಾಗಿದೆ, ಅಪ್ಪನೇ ಹೇಳಿರಬೇಕು. ಇವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಅವಳು ನನ್ನ ಬಳೆಗಳನ್ನು ಮೇಲೆ ಕೆಳಗೆ ಆಡಿಸುತ್ತಾ ಕೇಳಿದಳು.

"ಅಮ್ಮಾ, ಕಲ್ ಕುಛ್ ಹೋ ಗಯಾ ತೋ, ನನಗೂ ಹುಡುಗ ಹುಡುಕ್ತೀಯಾ?"

ಅವಳು ನಗುತ್ತಿದ್ದಳು, ಕಣ್ಣಿನಲ್ಲಿ ನೀರು. ನಾಳೆ ಹಾಗೆಲ್ಲ ಏನೂ ಆಗುವುದಿಲ್ಲ ಅಂತ ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ.

"ಅಕ್ಕನದ್ದು ಆಗದೆ ತಂಗಿಯದ್ದು ಮಾಡುವ ಕ್ರಮ ನಮ್ಮಲ್ಲಿ ಇಲ್ಲ. ನಿನಗೇನು ಅವಸರ? ಸುಮ್ಮನೆ ಮಲಗು."

ಇಬ್ಬರೂ ನಕ್ಕೆವು. ನರ್ಸು ಬಂದು ಪೇಷಂಟನ್ನು ನಗಿಸಬೇಡಿ ಎಂದು ಗದರಿದಳು.

೨೫ ಜುಲೈ, ಗುರುವಾರ

ಒಳಗೆ ಕರೆದುಕೊಂಡು ಹೋದರು. ಬೆಂಚಿನ ಆ ತುದಿಯಲ್ಲಿ ಇವರು, ಈ ತುದಿಯಲ್ಲಿ ನಾನು. ಯಾರನ್ನು ಬೇಡಲಿ? ನನಗೆ ದೇವರಿಲ್ಲ. ಅಭ್ಯಾಸವಿಲ್ಲದವರಿಗೆ ಬೇಡಲು ಬರುವುದೂ ಇಲ್ಲ. ಬಾಗಿಲನ್ನು ನೋಡುತ್ತಾ, ನಿನ್ನ ತಂಗಿಯನ್ನು ನೋಡಿಕೋ ಮಗಾ, ನೋಡಿಕೋ ಮಗಾ ಎಂದು ಅಷ್ಟನ್ನೇ ಹೇಳಿಕೊಳ್ಳುತ್ತಾ ಕೂತಿದ್ದೇನೆ.

ಸಂಜೆ. ಬದುಕಿದ್ದಾಳೆ.

೮ ಆಗಸ್ಟ್, ಗುರುವಾರ

ಸೇವಂತಿ ಮನೆಗೆ ಬಂದಳು. ತುಟಿ ಕೆಂಪಾಗಿದೆ. ಅವಳ ತುಟಿಯ ನಿಜವಾದ ಬಣ್ಣ ಇದು ಎಂಬುದು ನನಗೆ ಮರೆತೇ ಹೋಗಿತ್ತು. ಮಲಗಿ ನಿದ್ದೆ ಮಾಡುತ್ತಾಳೆ, ಒಂದೇ ದಿಂಬಿನಲ್ಲಿ. ಪಕ್ಕದಲ್ಲಿ ಕೂತು ಮನಸ್ಸು ತುಂಬ ಅತ್ತೆ. ಇವರು ಹೊಟೇಲಿನಿಂದ ಬುಟ್ಟಿ ತುಂಬ ಮೈಸೂರು ಪಾಕು ತರಿಸಿ ಇಡೀ ಬಿಲ್ಡಿಂಗಿಗೆ ಹಂಚಿದರು. ಮಾತು ಬಿಟ್ಟದ್ದು ಅವರಿಗೇ ಮರೆತುಹೋಗಿದೆ, ಚಹಾ ಮಾಡು ಮಾರಾಯ್ತಿ ಅಂದರು.

ಚಹಾ ಕೊಡುವಾಗ, ಆಟಿ ಮುಗಿಯಲು ಕೆಲವೇ ದಿನ ಉಳಿದಿದೆ, ಬೇರೆ ಸಂಬಂಧ ಏನಾಯಿತು ಎಂದು ಕೇಳಿದೆ. ಇವರಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ನಕ್ಕುಬಿಟ್ಟರು. ಈಗ ಎಲ್ಲ ಸರಿಯಾಯಿತಲ್ಲ, ಇನ್ನು ಅದು ಯಾಕೆ, ನೀನೇ ಸುಳ್ಳು ಅಂತಿದ್ದೆಯಲ್ಲ, ನೀನು ಹೇಳಿದ್ದೇ ಸರಿ ಅಂತ. ಬಹಳ ದೊಡ್ಡ ಮನಸ್ಸು ಮಾಡಿ ಒಪ್ಪಿಕೊಂಡರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ತಂಗಿಯ ಜೀವಕ್ಕೆ ಬೇಕಾದಾಗ ಅಕ್ಕ ಇದ್ದಳು. ಈಗ ಇಲ್ಲವಾ?" ಅಂದೆ.

ಇವರು ಕಪ್ಪು ಕೆಳಗಿಟ್ಟರು. ಅಂಗಿ ಹಾಕಿಕೊಂಡು ದೂಜ ಮಾವನ ಮನೆಗೆ ಹೋದರು.

೧೧ ಆಗಸ್ಟ್, ಭಾನುವಾರ

ಮಾವ ಈ ಸಲ ಬಳಿ ಕೇಳಿಯೇ ಬಂದಿದ್ದರು. ಆದರೂ ಹುಡುಗನ ತಾಯಿಯ ತಾಯಿ, ಅವಳ ತಾಯಿ, ಎಲ್ಲರದ್ದೂ ನಾನೇ ಮತ್ತೊಮ್ಮೆ ಕೇಳಿದೆ. ಕುಂದರ್. ಅಡ್ಡಿಯಿಲ್ಲ.

ಪರೇಲಿನಲ್ಲಿ ಮಿಲ್ಲಿನ ಹಿಂದಿನ ಚಾಳು, ಒಂದೇ ಕೋಣೆ. ತಾಯಿಯ ಹೆಸರು ಅಪ್ಪಿಯಕ್ಕ. ಗಂಡ ತೀರಿಹೋಗಿದ್ದಾರೆ, ಮಿಲ್ಲಿನ ಕ್ಯಾಂಟೀನಿನಲ್ಲಿ ಅಡಿಗೆ ಮಾಡುತ್ತಾರೆ. ಮಗ ಭುಜಂಗ ಆರು ವರ್ಷದವನಿದ್ದಾಗ ಸಿಡುಬಿನಲ್ಲಿ ಹೋದ. ಈಗ ಇಪ್ಪತ್ತನಾಲ್ಕು. ಅಪ್ಪಿಯಕ್ಕ ಮಾತಾಡುವುದನ್ನು ಕೇಳಿದರೆ ಅವನು ಈಗ ತಾನೇ ಸ್ಟೇಶನ್ನಿನ ಕಡೆ ಹೋಗಿದ್ದಾನೆ ಅನ್ನಬೇಕು. ಅಪ್ಪನ ಎತ್ತರ ಬಂದಿರಬಹುದು, ಅವರ ಕಡೆ ಎಲ್ಲ ಉದ್ದ. ಸಿಟ್ಟು ಬೇಗ, ಇಳಿಯುವುದೂ ಬೇಗ. ಬಂಗುಡೆ ಮೀನು ಇಲ್ಲದೆ ಊಟ ಸೇರುವುದಿಲ್ಲ. ಅಕ್ಷರ ಬೇಗ ಬಂತು, ಮಾಸ್ತರರು ಹೊಗಳುತ್ತಿದ್ದರು. ನಾನು ಹೆಣ್ಣಿನ ತಾಯಿ, ಕೇಳಬೇಕಾದ್ದನ್ನೆಲ್ಲ ಕೇಳಿದೆ. ಹೊಡೆಯುವ ಜಾತಿಯವನೋ ಎಂದು ಕೂಡ ಕೇಳಿದೆ. ಅಪ್ಪಿಯಕ್ಕ ಬೇಸರ ಮಾಡಿಕೊಳ್ಳಲಿಲ್ಲ. ಬೆಕ್ಕಿಗೂ ಕೈ ಎತ್ತಿದವನಲ್ಲ ಅಂದರು.

ಗುರುವಾರ ಸ್ವಾತಂತ್ರ್ಯ ದಿನ, ಎಲ್ಲರಿಗೂ ರಜೆ, ಅವತ್ತೇ ಮಾಡುವುದೆಂದು ಮಾವನೂ ಇವರೂ ಹೊರಗೆ ಮಾತಾಡಿಕೊಳ್ಳುತ್ತಿದ್ದರು. ಅಪ್ಪಿಯಕ್ಕ ಹತ್ತಿರ ಸರಿದು ಕೂತರು.

"ನಿನ್ನ ಮಗಳು ಹೇಗೆ?" ಎಂದು ಕೇಳಿದರು.

ಇಪ್ಪತ್ತೊಂದು ವರ್ಷದಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ತಲೆ ತುಂಬ ಕೂದಲಿತ್ತು ಅಂದೆ, ಕಿವಿ ಮುಚ್ಚುವಷ್ಟು. ಬಲಗೈಯ ಮುಷ್ಟಿ ಬಿಡುತ್ತಿರಲಿಲ್ಲ, ಬಿಡಿಸಿ ತೊಳೆಯಲು ಹೋದರೆ ಸಿಟ್ಟು. ಎಡದ ಮೊಲೆಗೆ ಹಾಕಿದರೆ ಮಾತ್ರ ಕುಡಿಯುತ್ತಿದ್ದಳು. ರೈಲಿನ ಸದ್ದಾದರೆ ಅಳು ನಿಲ್ಲಿಸಿ ಆ ಕಡೆ ಕಣ್ಣು ತಿರುಗಿಸುತ್ತಿದ್ದಳು. ಆಮೇಲೆ ಇನ್ನೇನು ಎಂದು ನೆನಪು ಮಾಡಿಕೊಂಡೆ. ಏನೂ ಇರಲಿಲ್ಲ. ಇಷ್ಟೇ ಅಕ್ಕಾ, ನನಗೆ ಗೊತ್ತಿರುವುದು ಇಷ್ಟೇ ಅಂದೆ. ಅಂದವಳಿಗೆ ಅಳು ತಡೆಯಲಾಗಲಿಲ್ಲ.

ಅಪ್ಪಿಯಕ್ಕ ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಸಾಕು ಮಾರಾಯ್ತಿ. ಇನ್ನು ನಮ್ಮಲ್ಲೇ ಇರ್ತಾಳಲ್ಲ, ಉಳಿದದ್ದು ನಾನು ನೋಡಿ ನಿನಗೆ ಹೇಳ್ತೇನೆ."

ಆಗಲಿ ಅಂದೆ.